ಹುಲ್ಲು ಮುಟ್ಟದ ಯಂತ್ರ

ಅಂಗಡಿಯ ಗಾಜಿನ ಹಿಂದೆ ಹುಲ್ಲು ಕತ್ತರಿಸುವ ಹೊಸ ಯಂತ್ರವೊಂದು ಬಹಳ ಕಾಲದಿಂದ ನಿಂತಿತ್ತು. ರಸ್ತೆಯಾಚೆಯ ಪಾರ್ಕಿನ ಹುಲ್ಲು ಅದಕ್ಕೆ ದಿನವೂ ಕಾಣುತ್ತಿತ್ತು, ವಾಸನೆ ಮಾತ್ರ ಒಳಗೆ ಬರುತ್ತಿರಲಿಲ್ಲ. ಒಂದು ದಿನ ರಿಪೇರಿಯಾದ ಹಳೆಯ ಯಂತ್ರವೊಂದನ್ನು ಮಾರಾಟಕ್ಕೆಂದು ತಂದು ಅದರ ಪಕ್ಕದಲ್ಲೇ ನಿಲ್ಲಿಸಿದರು.

"ಅಜ್ಜಾ, ಹುಲ್ಲಿನ ವಾಸನೆ ಹೇಗಿರುತ್ತದೆ?" ಎಂದು ಹೊಸದು ಕೇಳಿತು.

"ಕತ್ತರಿಸಿದಾಗಲೇ ಗೊತ್ತಾಗುವುದು, ಮಗೂ."

"ನಿನ್ನನ್ನು ಎಷ್ಟು ಸಲ ಬಿಚ್ಚಿದ್ದಾರೆ! ನೋಯುವುದಿಲ್ಲವೇ?"

"ನೋಯುತ್ತದೆ. ಮರುದಿನ ಹುಲ್ಲು ಸಿಗುತ್ತದೆ."

"ನನ್ನ ಮೈಗೆ ಯಾರೂ ಸ್ಪ್ಯಾನರ್ ಹಾಕುವಂತಿಲ್ಲ," ಎಂದು ಹೊಸದು ಬೀಗಿತು.

ಅಷ್ಟರಲ್ಲಿ ನಾಲ್ಕಾರು ಮನೆಗಳ ತೋಟ ನೋಡಿಕೊಳ್ಳುವ ಪಂಕಜಮ್ಮ ಬಂದರು. ಹೊಸ ಯಂತ್ರವನ್ನು ಕಂಡು ಅವರ ಮುಖ ಅರಳಿತು. ಸೊಂಟದಿಂದ ಸ್ಪ್ಯಾನರ್ ತೆಗೆದು, ಯಂತ್ರವನ್ನು ಮಗುಚಿ, ತಳವನ್ನೆಲ್ಲ ತಡಕಾಡಿದರು.

"ಷರೀಫಣ್ಣ, ಇದರ ಬ್ಲೇಡ್ ಬಿಚ್ಚೋದು ಎಲ್ಲಿ?"

"ಬಿಚ್ಚೋ ಹಾಗಿಲ್ಲಮ್ಮ. ಕೆಟ್ಟರೆ ಹೊಸದೇ ತಗೋಬೇಕು," ಎಂದರು ಅಂಗಡಿಯವರು.

"ನಮ್ಮ ಕೆಲಸದಲ್ಲಿ ಬ್ಲೇಡಿಗೆ ಕಲ್ಲು ಸಿಗದ ದಿನವೇ ಇಲ್ಲ. ಬಿಚ್ಚೋಕೆ ಬರದೇ ಇರೋದು ನಮ್ಮ ಹತ್ರ ಬಾಳಿಕೆ ಬರಲ್ಲಣ್ಣ."

ಹಳೆಯದರ ನಟ್ಟಿಗೆ ಸ್ಪ್ಯಾನರ್ ಸರಿಯಾಗಿ ಕೂತಿತು. ಪಂಕಜಮ್ಮ ಅದನ್ನೇ ಕೊಂಡು, ತಳ್ಳಿಕೊಂಡು ಹೊರಟರು.

"ನನ್ನನ್ನೂ ಬಿಚ್ಚಿ!" ಎಂದು ಹೊಸದು ಕೂಗಿತು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಹಳೆಯದರ ಚಕ್ರದಿಂದ ಉದುರಿದ ಒಂದು ಒಣ ಹುಲ್ಲುಕಡ್ಡಿ ನೆಲದ ಮೇಲೆ ಬಿದ್ದಿತ್ತು. ಫ್ಯಾನಿನ ಗಾಳಿಗೆ ಅದು ಈ ಕಡೆ ಹೊರಳೀತೇ ಎಂದು ಹೊಸ ಯಂತ್ರ ಕಾಯತೊಡಗಿತು.