ಎಲ್ಲರಿಗೂ ಹೂಂ ಎಂದ ಬಣ್ಣಗಾರ

“ಗುರುಗಳೇ, ಯಾರ ಆಶ್ರಯವೂ ಇಲ್ಲದೆ ಸ್ವಂತವಾಗಿ ವೈದ್ಯ ಮಾಡಲು ಹೊರಡುವವನು ಮೊದಲು ಏನನ್ನು ಸಿದ್ಧಪಡಿಸಿಕೊಳ್ಳಬೇಕು?” ಎಂದು ಚನ್ನವೀರನು ಕೇಳಿದನು.

ಅವನು ಗುರುಗಳ ಬಳಿ ವೈದ್ಯ ಕಲಿತು ಮುಗಿಸಿದ್ದನು. ಹೊರಡುವ ಮಾತು ಎತ್ತಿದಂದಿನಿಂದ ಅವನ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಯಾವ ಊರು ಒಳ್ಳೆಯದು, ಬಾಗಿಲು ಯಾವ ದಿಕ್ಕಿಗಿರಬೇಕು, ಮೊದಲ ರೋಗಿಯನ್ನು ಯಾವ ವಾರ ನೋಡಬೇಕು ಎಂದೆಲ್ಲ ಕೇಳಿಯಾಗಿತ್ತು. ಎಲ್ಲದಕ್ಕೂ ಉತ್ತರ ಹೇಳಿ ಗುರುಗಳು ಬೇಸತ್ತಿದ್ದರು. ಅರೆಯುತ್ತಿದ್ದ ಬೇರನ್ನು ಬದಿಗಿಟ್ಟು, “ಕುಳಿತುಕೋ. ಇದೊಂದನ್ನು ಕೇಳು, ಆಮೇಲೆ ನನ್ನನ್ನು ಬಿಡು” ಎಂದು ಕತೆ ಹೇಳಿದರು.

ಒಂದು ಅರಮನೆಯ ಬಣ್ಣದ ಮನೆಯಲ್ಲಿ ಒಬ್ಬ ಬಣ್ಣಗಾರನಿದ್ದನು. ಮಂಜಿಷ್ಠದ ಬೇರಿನಿಂದ ಅವನು ತೆಗೆಯುತ್ತಿದ್ದ ಕೆಂಪು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಆದರೆ ಅವನಿಗೂ ಅಲ್ಲಿನ ಪಾರುಪತ್ಯಗಾರನಿಗೂ ಎಣ್ಣೆ ಸೀಗೆಕಾಯಿ. ಪಾರುಪತ್ಯಗಾರನು ಬಟ್ಟೆ ಬೇಗ ಬೇಕೆನ್ನುವನು. ಬಣ್ಣಗಾರನು ಇನ್ನೂ ನೆನೆದಿಲ್ಲ, ಎತ್ತುವುದಿಲ್ಲವೆನ್ನುವನು. ದಿನವೂ ಇದೇ ಕಲಹ. ಕಡೆಗೆ ಬಣ್ಣಗಾರನು ರೋಸಿ, ಇನ್ನು ತನಗೆ ತಾನೇ ಒಡೆಯನೆಂದು ಹೇಳಿ ಹೊರಬಿದ್ದನು.

ಹೊಳೆಯ ದಂಡೆಯಲ್ಲಿ ಗುಡಿಸಲು ಹಾಕಿ, ಹಂಡೆಗಳನ್ನು ಹೂಡಿ ಕುಳಿತನು. ಬಹಳ ದಿನ ಯಾರೂ ಬರಲಿಲ್ಲ. ಹೆಂಡತಿ ಗಂಜಿಯನ್ನು ತೆಳ್ಳಗೆ ಮಾಡುತ್ತ ಬಂದಳು. ಆಮೇಲೆ ಒಬ್ಬ ವರ್ತಕನು ಬಂದು ಸಂತೆಗೆ ಮುಂಚೆ ಹಸಿರು ಪೇಟಗಳು ಬೇಕೆಂದನು. ಹಸಿರು ಬಣ್ಣಗಾರನ ವಿದ್ಯೆಯಲ್ಲ. ಆದರೂ ಹೂಂ ಎಂದನು. ನಾಟಕದವರು ಕಪ್ಪು ಪರದೆ ಕೇಳಿದರು, ಅದಕ್ಕೂ ಹೂಂ. ಊರ ಗೌಡನು ಅವನಿಂದಲೇ ಬಣ್ಣ ಹಾಕಿಸಿ, ತಾನೇ ಮೆಚ್ಚಿ ಒಯ್ದಿದ್ದ ನೀಲಿ ಶಲ್ಯವನ್ನು ತಿರುಗಿ ತಂದು, ಮನೆಯವಳಿಗೆ ಹಿಡಿಸಲಿಲ್ಲ, ಸ್ವಲ್ಪ ತಿಳಿ ಮಾಡಿಕೊಡು ಎಂದನು. ಕುಡಿದ ಬಣ್ಣವನ್ನು ಬಟ್ಟೆ ಕಕ್ಕುವುದಿಲ್ಲವೆಂದು ಬಣ್ಣಗಾರನಿಗೆ ಗೊತ್ತಿತ್ತು. ಹೂಂ ಎಂದು ಒಳಗಿಟ್ಟುಕೊಂಡನು.

ವರ್ತಕನು ಗೌಡನಿಗಿಂತ ಮೊದಲು ತನ್ನದಾಗಬೇಕೆಂದನು. ಗೌಡನು ನಾಟಕದವರ ಪರದೆಯನ್ನು ಒಲೆಯಿಂದ ಇಳಿಸೆಂದನು. ಅರಮನೆಯಲ್ಲಿ ಗದರುವವನು ಒಬ್ಬನಿದ್ದ, ಈಗ ಊರಿಗೆ ಊರೇ ಗದರುತ್ತಿದೆ ಎಂದು ಹೆಂಡತಿ ಗೊಣಗಿದಳು. ಅವಳ ಮೇಲೂ ಅವನು ರೇಗಿದನು. ಕೆಂಪಿಗೆಂದು ಇಟ್ಟಿದ್ದ ಹಂಡೆಯನ್ನೂ ಕಪ್ಪಿಗೆ ಕೊಟ್ಟುಬಿಟ್ಟನು.

ಆ ಗದ್ದಲದ ನಡುವೆ ನೇಯ್ಗೆಯ ಹೆಂಗಸೊಬ್ಬಳು ಬಂದಳು. ಮಗಳ ಮದುವೆಗೆಂದು ತಾನೇ ನೇಯ್ದ ಬಿಳಿ ಸೀರೆ ಅವಳ ಕೈಯಲ್ಲಿತ್ತು. ಅರಮನೆಯ ಬಾವುಟಗಳಲ್ಲಿ ಅವನ ಕೆಂಪನ್ನು ಕಂಡಿದ್ದಳು. ಅವನು ಹೊರಗೆ ಬಂದಿದ್ದಾನೆಂದು ಕೇಳಿ ದೂರದಿಂದ ನಡೆದು ಬಂದಿದ್ದಳು. ಇಂಥ ಕೆಲಸಕ್ಕಾಗಿಯೇ ಅವನು ಅರಮನೆ ಬಿಟ್ಟಿದ್ದನು. ಆದರೆ ಹಂಡೆ ತಿಕ್ಕಿ ತೊಳೆಯಲು ಪುರಸೊತ್ತಿರಲಿಲ್ಲ. ಬಣ್ಣ ಕಚ್ಚಲೆಂದು ಸೀರೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ನೆನೆಸಲೂ ಪುರಸೊತ್ತಿರಲಿಲ್ಲ. ಅವಳಿಗೂ ಹೂಂ ಎಂದನು.

ಸೀರೆ ಕೆಂಪಾಗಲಿಲ್ಲ. ಒಣಗಿದ ರಕ್ತದ ಹಾಗೆ ಕಂದಿತು. ಆ ಹೆಂಗಸು ಬೈಯಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು, ಮಡಿಸಿಕೊಂಡಳು. “ಆಗುವುದಿಲ್ಲ ಅಂದಿದ್ದರೆ ಬಿಳಿ ಸೀರೆಯಲ್ಲೇ ಮಗಳನ್ನು ಧಾರೆ ಎರೆಯುತ್ತಿದ್ದೆನಲ್ಲಪ್ಪ” ಎಂದು ಹೇಳಿ ಹೊರಟುಹೋದಳು.

ಬಣ್ಣಗಾರನು ಅಂದೇ ಹಂಡೆಗಳ ಕೆಳಗಿನ ಬೆಂಕಿ ಆರಿಸಿದನು. ಹಳೆಯ ಪಾರುಪತ್ಯಗಾರನ ಬಳಿಗೆ ಹೋಗಿ, ನಡೆದದ್ದನ್ನು ಹೇಳಿ, ಮತ್ತೆ ಸೇರಿಸಿಕೊಳ್ಳಬೇಕೆಂದು ಬೇಡಿದನು. ಪಾರುಪತ್ಯಗಾರನು ಹಣೆ ಚಚ್ಚಿಕೊಂಡನು.

“ದಿನಾ ನನ್ನೆದುರು ನಿಂತು ಕೊಡುವುದಿಲ್ಲ ಅನ್ನುತ್ತಿದ್ದವನು ನೀನೇ ಅಲ್ಲವೆ? ಆ ಬಾಯಿ ಎಲ್ಲಿ ಹೋಯಿತು?”

“ಇಲ್ಲಿ ನಾಳೆಯ ಊಟ ಗೊತ್ತಿತ್ತು, ಸ್ವಾಮಿ. ಅಲ್ಲಿ ಒಬ್ಬರಿಗೆ ಇಲ್ಲವೆಂದರೆ ಇನ್ನೊಬ್ಬರು ಬರುತ್ತಾರೆಂಬ ನಂಬಿಕೆಯಿಲ್ಲ.”

“ಹಾಗಾದರೆ ಇಲ್ಲಿ ಮಾತಾಡುತ್ತಿದ್ದದ್ದು ನೀನಲ್ಲ, ಅರಮನೆಯ ಅನ್ನ” ಎಂದು ಪಾರುಪತ್ಯಗಾರನು ಎದ್ದು ಒಳಗೆ ಹೋದನು.

ಬಣ್ಣಗಾರನು ಹೊಳೆಗೆ ಮರಳಿದನು. ವರ್ತಕನ ಪೇಟಗಳನ್ನು, ನಾಟಕದವರ ಪರದೆಯನ್ನು, ಗೌಡನ ಶಲ್ಯವನ್ನು ಇದ್ದ ಹಾಗೆಯೇ ಒಪ್ಪಿಸಿ, ತನ್ನಿಂದ ಆಗುವುದಿಲ್ಲವೆಂದನು. ಗೌಡನು ಬಾಯಿಗೆ ಬಂದಂತೆ ಬೈದನು. ಬಣ್ಣಗಾರನು ಕಪ್ಪು ಹಿಡಿದ ಹಂಡೆಗೆ ಮರಳು ಹಾಕಿ ತಿಕ್ಕುತ್ತ ಅದನ್ನು ಕೇಳಿಸಿಕೊಂಡನು. ಆ ಮಳೆಗಾಲವನ್ನು ಗಂಡಹೆಂಡಿರು ಅರೆಹೊಟ್ಟೆಯಲ್ಲಿ ಕಳೆದರು. ಮೆಲ್ಲಗೆ, ಕೆಂಪೇ ಬೇಕೆನ್ನುವವರು ಒಬ್ಬೊಬ್ಬರಾಗಿ ಬಂದರು. ಕಾಯಬೇಕು ಎಂದರೆ ಕಾದರು. ನೇಯ್ಗೆಯ ಹೆಂಗಸು ಮಾತ್ರ ಮತ್ತೆ ಬರಲಿಲ್ಲ.

ಗುರುಗಳು ಕತೆ ಮುಗಿಸಿ ಬೇರನ್ನು ಮತ್ತೆ ಕೈಗೆತ್ತಿಕೊಂಡರು. ಚನ್ನವೀರನು ತನಗೆ ಅರ್ಥವಾಯಿತೆಂದೂ, ಬೇಡವೆನ್ನಬೇಕಾದಲ್ಲಿ ಬೇಡವೆನ್ನಲು ಮೊದಲು ಕಲಿಯಬೇಕೆಂದೂ ಹೇಳಿದನು. ಆಮೇಲೆ ಕೈಮುಗಿದು, ನಾಳೆಯೇ ಹೊರಡಲು ಅಪ್ಪಣೆಯಾಗಬೇಕೆಂದು ಕೇಳಿಕೊಂಡನು.

“ಹೋಗಬೇಡ ಎಂದು ನಾನು ಹೇಳಿದರೆ ಏನು ಹೇಳುತ್ತೀಯೆ?” ಎಂದರು ಗುರುಗಳು.

“ಹೂಂ, ಗುರುಗಳೇ, ಹೋಗುವುದಿಲ್ಲ” ಎಂದನು ಚನ್ನವೀರನು.