ಆರು ಬುಟ್ಟಿ ಹುರುಳಿ ಉಂಡೆ

ಬನ್ನಿ, ಹತ್ತಿರ ಕೂತುಕೊಳ್ಳಿ. ಕುದುರೆಗಲ್ಲು ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದ ಲಾಯದಲ್ಲಿ ಸಿರಿಯಕ್ಕ ಎಂಬ ಹೆಂಗಸು ಇದ್ದಳು. ಅರಮನೆಯ ಕುದುರೆಗಳಿಗೆ ಹುರುಳಿ ಬೇಯಿಸಿ ಹಾಕುವುದು ಅವಳ ಕೆಲಸ. ಆ ಕಾಲದಲ್ಲಿ ಕುದುರೆಗಳಿಗೆ ಮಾತು ಬರುತ್ತಿತ್ತು. ಆದರೆ ಎಲ್ಲರ ಹತ್ತಿರ ಆಡುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಕಾಳು ಹಾಕಿದವರ ಹತ್ತಿರ ಮಾತ್ರ ಆಡುತ್ತಿದ್ದವು.

ಲಾಯದಲ್ಲಿ ಮೊದಲು ಎಂಟು ಕುದುರೆ ಇದ್ದವು. ಈಗ ಆರು. ಆರರಲ್ಲಿ ಹಿರಿಯದು ನವಿಲಿ ಎಂಬ ಹೆಣ್ಣು ಕುದುರೆ. ಸಿರಿಯಕ್ಕನಿಗೆ ನವಿಲಿ ಅಂದರೆ ಜೀವ. ಒಂದು ಮಳೆಗಾಲ ಸಿರಿಯಕ್ಕನಿಗೆ ಹೆರಿಗೆ ನೋವು ಬಂದಿತ್ತು. ಸೂಲಗಿತ್ತಿ ಹೊಳೆಯ ಆಚೆ. ದೋಣಿ ಇಲ್ಲ. ಆಗ ನವಿಲಿ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು, ಮೈ ಅಲುಗದ ಹಾಗೆ ಹೊಳೆ ದಾಟಿಸಿತ್ತು. ಮಗಳು ಹುಟ್ಟಿದಳು. ಈಗ ಆ ಮಗಳು ಸೌದೆ ಆಯುವಷ್ಟು ದೊಡ್ಡವಳಾಗಿದ್ದಳು. ಮಗಳ ಮುಖ ನೋಡಿದಾಗಲೆಲ್ಲ ಸಿರಿಯಕ್ಕನಿಗೆ ನವಿಲಿಯ ಉಪಕಾರ ನೆನಪಿಗೆ ಬರುತ್ತಿತ್ತು.

ಕುದುರೆಗಲ್ಲಿನಲ್ಲಿ ವರ್ಷಕ್ಕೊಮ್ಮೆ ಜಿಗಿತದ ಓಟ. ಅದಕ್ಕೂ ಒಂದು ಕಾರಣ ಇತ್ತು. ಹಿಂದೆ ಯಾವಾಗಲೋ ಮೇಲಿನ ದೊಡ್ಡ ಕೆರೆಯ ಏರಿ ಬಿರುಕು ಬಿಟ್ಟಿತ್ತಂತೆ. ಊರಿಗೆ ಸುದ್ದಿ ಮುಟ್ಟಬೇಕು. ಬಳಸು ದಾರಿಗೆ ಹೊತ್ತಿಲ್ಲ. ಒಂದು ಕುದುರೆ ಸವಾರನನ್ನು ಹೊತ್ತು ಮುಳ್ಳುಬೇಲಿ ಜಿಗಿಯಿತು. ಹಳ್ಳ ಜಿಗಿಯಿತು. ಮಣ್ಣಿನ ಗೋಡೆ ಜಿಗಿಯಿತು. ಸುದ್ದಿ ಮುಟ್ಟಿತು. ಜನ ಗುಡ್ಡ ಹತ್ತಿ ಉಳಿದುಕೊಂಡರು. ಆ ಉಪಕಾರ ಮರೆಯಬಾರದು ಅಂತ ಓಟ ಶುರುವಾಯಿತು. ಅದೇ ಬೇಲಿ, ಅದೇ ಹಳ್ಳ, ಅದೇ ಗೋಡೆ. ಓಟಕ್ಕೆ ಮುಂಚೆ ಜನ ಸಾಲಾಗಿ ಬಂದು ಕುದುರೆಗಳಿಗೆ ಹುರುಳಿ, ಬೆಲ್ಲ ಕಲಸಿದ ಉಂಡೆ ತಿನ್ನಿಸುತ್ತಿದ್ದರು. ಯಾವ ಕುದುರೆ ಗೆದ್ದರೂ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಹೀಗಿರುವಾಗ ಭುಜಂಗಯ್ಯ ಬಂದ. ಕುದುರೆಯ ಗೊರಸು ನೋಡಿ ಗೆಲುವು ಸೋಲು ಹೇಳುತ್ತೇನೆ ಅಂದ. ಅವನು ಬಂದ ಮೇಲೆ ಜನ ಪಂದ್ಯ ಕಟ್ಟಲು ಕಲಿತರು. ಮೊದಲು ಕೋಳಿ ಕಟ್ಟಿದರು. ಆಮೇಲೆ ಕುರಿ ಕಟ್ಟಿದರು. ಆಮೇಲೆ ಉಳುವ ಎತ್ತನ್ನೇ ಕಟ್ಟಿದರು. ಉಂಡೆ ತಿನ್ನಿಸುವುದನ್ನು ಭುಜಂಗಯ್ಯ ನಿಲ್ಲಿಸಿಬಿಟ್ಟ. ಹತ್ತು ಜನರ ಕೈ ತಾಗಿದರೆ ತನ್ನ ಮಾತಿನ ಬಲ ಹೋಗುತ್ತದೆ ಅಂದ.

ಓಟದ ಹಿಂದಿನ ದಿನ ಸಂಜೆ ಅವನು ಚಪ್ಪರದ ಕೆಳಗೆ ಕೂರುತ್ತಿದ್ದ. ಕುದುರೆಗಳು ಒಂದೊಂದಾಗಿ ಮುಂದೆ ಬರುತ್ತಿದ್ದವು. ಆ ವರ್ಷವೂ ಹಾಗೇ ಆಯಿತು.

ಮೊದಲು ಗಿಡುಗ ಎಂಬ ಕುದುರೆ ಬಂತು. ಭುಜಂಗಯ್ಯ ಅದರ ಕಾಲು ಎತ್ತಿ ನೋಡಿದ. "ಇದು ನೆಲ ಮೆಟ್ಟಿದರೆ ಓಡುತ್ತದೆ, ನೆಲ ಬಿಟ್ಟರೆ ಜಿಗಿಯುತ್ತದೆ" ಅಂದ. ಜನ "ಆಹಾ" ಅಂದರು.

ಆಮೇಲೆ ಬೆಳ್ಳಿಗೊರಸು ಬಂತು. "ಇದರ ಮುಂದೆ ಯಾರೂ ಇಲ್ಲದಿದ್ದರೆ ಇದೇ ಮೊದಲು" ಅಂದ. ಜನ "ಓಹೋ" ಅಂದರು.

ಆಮೇಲೆ ನವಿಲಿ ಬಂತು. ಹಲ್ಲು ನೋಡಿದ, ಕಿವಿ ಮುಟ್ಟಿದ. "ಇದಕ್ಕೆ ನಿನ್ನೆಗಿಂತ ಇವತ್ತು ಒಂದು ದಿನ ವಯಸ್ಸು ಜಾಸ್ತಿ" ಅಂದ. ಜನ ತಲೆದೂಗಿದರು. ನವಿಲಿ ಸಿರಿಯಕ್ಕನ ಕಡೆ ತಿರುಗಿ ಮೂಗಿನಲ್ಲಿ ಬುಸ್ ಅಂದಿತು.

ಇದು ಎಲ್ಲರೆದುರಿನ ಮಾತು. ಗೆಲ್ಲುವ ಕುದುರೆಯ ಹೆಸರು ಬೇಕಿದ್ದರೆ ಕಾಣಿಕೆ ತರಬೇಕು. ತಂದವರ ಕಿವಿಯಲ್ಲಿ ಭುಜಂಗಯ್ಯ ಒಂದು ಹೆಸರು ಉಸುರುತ್ತಿದ್ದ. "ಹೆಂಡತಿಗೂ ಹೇಳಬೇಡ. ಬಾಯಿಂದ ಆಚೆ ಬಂದರೆ ಹೆಸರು ಕೆಡುತ್ತದೆ" ಅನ್ನುತ್ತಿದ್ದ.

ಓಟ ಮುಗಿದ ಮೇಲೆ ಗೆದ್ದವರು ಕುಣಿಯುತ್ತಿದ್ದರು. "ಭುಜಂಗಯ್ಯನವರು ಹೇಳಿದ್ದೇ ಆಯ್ತು!" ಸೋತವರು ಸುಮ್ಮನಿರುತ್ತಿದ್ದರು. ನಿದ್ದೆಯಲ್ಲಿ ಏನಾದರೂ ಗೊಣಗಿದೆನೋ ಏನೋ ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ರಾಜ ಸೋತರೆ ಮಾತ್ರ ಕಥೆ ಬೇರೆ. ರಾಜ ಬಾಯಿ ಬಿಟ್ಟ ಅನ್ನುವ ಹಾಗಿಲ್ಲ. ಆಗ ಭುಜಂಗಯ್ಯ "ಕುದುರೆಯೇ ದ್ರೋಹ ಮಾಡಿತು" ಅನ್ನುತ್ತಿದ್ದ. ಆ ಮಾತಿಗೆ ಎರಡು ವರ್ಷದಲ್ಲಿ ಎರಡು ಕುದುರೆ ಸುಣ್ಣದ ಗೂಡಿಗೆ ಕಲ್ಲು ಹೊರಲು ಹೋದವು. ಒಂದರ ಹೆಸರು ಕಾರ್ಮುಗಿಲು. ಇನ್ನೊಂದರ ಹೆಸರು ಮಲ್ಲಿಗೆ. ಖಾಲಿಯಾದ ಆ ಎರಡು ಗೋದಲಿಗಳನ್ನು ಸಿರಿಯಕ್ಕ ದಿನವೂ ಗುಡಿಸುತ್ತಿದ್ದಳು.

ಆ ಸಂಜೆ ಅವಳೂ ಒಂದು ಕುಡಿಕೆ ತುಪ್ಪ ತೆಗೆದುಕೊಂಡು ಹೋದಳು. ನವಿಲಿಯ ಗತಿ ಏನು ಅಂತ ತಿಳಿಯಬೇಕಿತ್ತು. ಭುಜಂಗಯ್ಯ ಅವಳ ಕಿವಿಯಲ್ಲಿ "ಗಿಡುಗ" ಅಂದ.

ಹಾಗಾದರೆ ರಾಜನೂ ಗಿಡುಗನ ಮೇಲೇ ಪಂದ್ಯ ಕಟ್ಟಿರುತ್ತಾನೆ, ನವಿಲಿಗೆ ಭಯವಿಲ್ಲ ಅಂತ ಸಮಾಧಾನವಾಗಿ ಲಾಯಕ್ಕೆ ಬಂದಳು. ನವಿಲಿ ತಲೆ ತಗ್ಗಿಸಿ ನಿಂತಿತ್ತು.

"ಅಕ್ಕಾ, ಈಗ ರಾಜ ಬಂದಿದ್ದ."

"ಏನಂದರು?"

"ಕುತ್ತಿಗೆ ಸವರಿದ. 'ಮನುಷ್ಯರಿಗೆ ಹೇಳಬಾರದಂತೆ, ನೀನು ಕುದುರೆ, ನಿನಗೆ ಹೇಳಬಹುದು. ನಾಳೆ ನೀನೇ ಗೆಲ್ಲುತ್ತೀಯಂತೆ. ನನ್ನ ಮಾನ ಉಳಿಸು' ಅಂದ."

"ನೀನು ಗೆಲ್ಲುತ್ತೀಯಾ?"

"ಇಲ್ಲ ಅಕ್ಕಾ. ಬೀಳುವುದಿಲ್ಲ. ಬೇಲಿ, ಹಳ್ಳ, ಗೋಡೆ ಮೂರೂ ದಾಟುತ್ತೇನೆ. ಆದರೆ ಚಿಕ್ಕವರ ಮುಂದೆ ಓಡುವ ಕಾಲು ಇದಲ್ಲ."

ಮೊದಲು ಬರದಿದ್ದರೆ ಸುಣ್ಣದ ಗೂಡು. ಸಿರಿಯಕ್ಕ ಅದರ ಕುತ್ತಿಗೆ ತಬ್ಬಿಕೊಂಡು ನಿಂತಳು. ಆಗ ಅವಳಿಗೆ ಹೊಳೆಯಿತು. ತನಗೆ ಗಿಡುಗ ಅಂದ. ರಾಜನಿಗೆ ನವಿಲಿ ಅಂದ. ಒಂದೇ ಓಟಕ್ಕೆ ಎರಡು ಹೆಸರು! ಹಾಗಾದರೆ ಉಳಿದವರಿಗೆ ಏನು ಹೇಳಿದ್ದಾನೆ?

ಗಾಣದ ಬೊಮ್ಮಣ್ಣನ ಹತ್ತಿರ ಹೋದಳು. "ಅಣ್ಣಾ, ನಿಮಗೆ ಯಾವ ಹೆಸರು ಹೇಳಿದರು?" ಬೊಮ್ಮಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಹೂವಿನ ಸುಬ್ಬಕ್ಕನ ಹತ್ತಿರ ಹೋದಳು. "ಹೋಗೇ, ನನ್ನ ಕುರಿ ಕಳೆಯೋಕೆ ಬಂದಿದ್ದೀಯಾ?" ಅಂದು ಸುಬ್ಬಕ್ಕ ಬಾಗಿಲು ಹಾಕಿಕೊಂಡಳು.

ಕುಂಬಾರ ಚೌಡಯ್ಯನ ಹತ್ತಿರ ಹೋದಳು. ಚೌಡಯ್ಯ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೂತಿದ್ದ. ಹೋದ ವರ್ಷ ಎತ್ತು ಸೋತಿದ್ದ ಪಾಪ.

ಸಿರಿಯಕ್ಕ ಬರಿಗೈಯಲ್ಲಿ ವಾಪಸು ಬಂದಳು. ರಾಜನಿಗೆ ನೇರ ಹೇಳುವ ಹಾಗೂ ಇಲ್ಲ. ಇವಳೇ ಬಾಯಿ ಬಿಟ್ಟು ಕೆಡಿಸಿದಳು ಅಂತ ಭುಜಂಗಯ್ಯ ತಿರುಗಿ ಬೀಳುತ್ತಾನೆ.

ನವಿಲಿ ಅವಳ ಸೆರಗು ಮೂಸಿತು. "ಅಕ್ಕಾ, ಹೇಗೂ ಹೋಗುವವಳು ನಾನು. ಹೋಗುವ ಮುಂಚೆ ಒಂದು ಹುರುಳಿ ಉಂಡೆ ಮಾಡಿಕೊಡುತ್ತೀಯಾ? ಊರಿನವರ ಕೈಯಿಂದ ತಿಂದು ಎಷ್ಟು ಕಾಲವಾಯಿತು."

ಸಿರಿಯಕ್ಕ ಕಣ್ಣೊರೆಸಿಕೊಂಡಳು.

"ಮಾಡುತ್ತೇನೆ ತಾಯಿ. ನಿನಗೊಂದೇ ಅಲ್ಲ, ಊರಿಗೆಲ್ಲ ಮಾಡುತ್ತೇನೆ" ಅಂದಳು.

ಬೆಳಕು ಹರಿಯುವ ಹೊತ್ತಿಗೆ ದೊಡ್ಡ ಹಂಡೆಯಲ್ಲಿ ಹುರುಳಿ ಬೆಂದಿತ್ತು. ಮಗಳೂ ಜೊತೆಗೆ ಕೂತು ಉಂಡೆ ಕಟ್ಟಿದಳು. ಬಿಸಿಲೇರಿತು. ಜನ ಸೇರಿದರು. ರಾಜ ಬಂದ. ಭುಜಂಗಯ್ಯ ಬಂದು ಅವನ ಪಕ್ಕದಲ್ಲೇ ಕೂತ. ಸಿರಿಯಕ್ಕ ಕೈಮುಗಿದು ನಿಂತಳು.

"ದೊರೆಗಳೇ, ಭುಜಂಗಯ್ಯನವರು ಇಷ್ಟು ಜನಕ್ಕೆ ದಾರಿ ತೋರಿಸಿದ್ದಾರೆ. ನಾವು ಅವರಿಗೆ ಒಂದು ನಮಸ್ಕಾರವನ್ನೂ ಸರಿಯಾಗಿ ಹೇಳಿಲ್ಲ. ಇವತ್ತು ಹೇಳೋಣ. ಅವರು ಯಾರಿಗೆ ಯಾವ ಕುದುರೆ ಹೇಳಿದರೋ, ಅವರವರು ಆ ಕುದುರೆಯ ಬುಟ್ಟಿಗೆ ಒಂದು ಹುರುಳಿ ಉಂಡೆ ಹಾಕಲಿ. ಯಾರೂ ಬಾಯಿ ಬಿಡುವುದು ಬೇಡ. ತೆರೆ ಕಟ್ಟಿಸಿದ್ದೇನೆ. ಒಬ್ಬೊಬ್ಬರೇ ಒಳಗೆ ಹೋಗಿ ಹಾಕಿ ಬರಲಿ."

ಭುಜಂಗಯ್ಯನ ಮುಖ ಹುಳ್ಳಗಾಯಿತು. "ಓಟಕ್ಕೆ ಮುಂಚೆ ತಿಂದರೆ ಕುದುರೆಯ ಹೊಟ್ಟೆ ಭಾರವಾಗುತ್ತದೆ."

"ಓಟ ಮುಗಿದ ಮೇಲೆ ತಿನ್ನಿಸುತ್ತೇನೆ ಸ್ವಾಮಿ."

"ಜನರ ಕೈ ತಾಗಿದರೆ ನನ್ನ ಮಾತಿನ ಬಲ ಹೋಗುತ್ತದೆ."

"ಕುದುರೆಗಳು ಲಾಯದಲ್ಲಿವೆ ಸ್ವಾಮಿ. ಇಲ್ಲಿರುವುದು ಬರೀ ಬುಟ್ಟಿ."

"ನನಗೆ ಈ ನಮಸ್ಕಾರ ಗಿಮಸ್ಕಾರ ಏನೂ ಬೇಡಮ್ಮ!"

"ನೋಡಿ ದೊರೆಗಳೇ, ಎಂಥ ದೊಡ್ಡ ಮನಸ್ಸು!" ಅಂದಳು ಸಿರಿಯಕ್ಕ. ಜನ ಹೋ ಅಂತ ಚಪ್ಪಾಳೆ ತಟ್ಟಿದರು. ರಾಜನೂ ನಕ್ಕ. "ಬೇಡ ಅನ್ನಬೇಡಿ ಭುಜಂಗಯ್ಯನವರೇ. ಜನ ಪ್ರೀತಿಯಿಂದ ಕೊಡುತ್ತಾರೆ" ಅಂದ.

ತೆರೆಯ ಹಿಂದೆ ಆರು ಬುಟ್ಟಿ. ಒಂದೊಂದರ ಮೇಲೂ ಒಂದೊಂದು ಕುದುರೆಯ ಚಿತ್ರ. ಬೊಮ್ಮಣ್ಣ ಒಳಗೆ ಹೋಗಿ ಬಂದ. ಸುಬ್ಬಕ್ಕ ಹೋಗಿ ಬಂದಳು. ಚೌಡಯ್ಯ ಬಾಯಿಯ ಬಟ್ಟೆ ಬಿಚ್ಚದೆ ಹೋಗಿ ಬಂದ. ಹೀಗೆ ಊರೆಲ್ಲ ಹೋಗಿ ಬಂತು. ಕೊನೆಗೆ ರಾಜನೂ ಒಂದು ಉಂಡೆ ಹಾಕಿ ಬಂದ.

ಸಿರಿಯಕ್ಕ ತೆರೆ ಎಳೆದಳು.

ಆರು ಬುಟ್ಟಿ. ಆರೂ ಒಂದೇ ಎತ್ತರಕ್ಕೆ ತುಂಬಿದ್ದವು.

ಆಮೇಲೆ ಚೌಡಯ್ಯ ಮೆಲ್ಲಗೆ ಬಾಯಿಯ ಬಟ್ಟೆ ಬಿಚ್ಚಿದ.

"ಏನು ಸ್ವಾಮಿ, ಆರಕ್ಕೆ ಆರೂ ಮೊದಲೇ ಬರ್ತಾವಾ?"

ಜನ ಗೊಳ್ಳೆಂದು ನಕ್ಕರು. ಸುಬ್ಬಕ್ಕ ನಗಲಿಲ್ಲ. "ನಾನು ನಿದ್ದೇಲಿ ಗೊಣಗಿದ್ದು ಕೇಳಿಸಬಾರದು ಅಂತ ನನ್ನ ಗಂಡನನ್ನ ಎರಡು ವರ್ಷ ಜಗಲಿ ಮೇಲೆ ಮಲಗಿಸಿದ್ದೀನಲ್ಲೋ ನಿನ್ನ!" ಅಂತ ಭುಜಂಗಯ್ಯನ ಕಡೆ ನುಗ್ಗಿದಳು.

ರಾಜ ಕೈ ಎತ್ತಿದ. ಎಲ್ಲರೂ ಸುಮ್ಮನಾದರು.

"ಯಾರೋ ಬಾಯಿ ಬಿಟ್ಟಿದ್ದಾರೆ ದೊರೆಗಳೇ" ಅಂದ ಭುಜಂಗಯ್ಯ.

"ಯಾರೂ ಬಿಟ್ಟಿಲ್ಲ. ಅದಕ್ಕೇ ನೀವು ಇಷ್ಟು ದಿನ ಉಳಿದಿರಿ. ಯಾವ ಕುದುರೆ ಗೆದ್ದರೂ ಒಂದು ಬುಟ್ಟಿಯ ಜನ ನಿಮ್ಮನ್ನು ಹೊಗಳುತ್ತಾರೆ. ಐದು ಬುಟ್ಟಿಯ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನು ಮಾತ್ರ ಕುದುರೆಗಳನ್ನು ಬೈದೆ." ರಾಜ ತಲೆ ತಗ್ಗಿಸಿದ. ಆಮೇಲೆ ಹೇಳಿದ, "ಕೊನೆಯದಾಗಿ ಒಂದು ಭವಿಷ್ಯ ಹೇಳಿ ಭುಜಂಗಯ್ಯನವರೇ. ಕಿವಿಯಲ್ಲಿ ಬೇಡ. ಎಲ್ಲರಿಗೂ ಕೇಳುವ ಹಾಗೆ. ನಾಳೆ ನೀವು ಈ ಊರಿನಲ್ಲಿ ಇರುತ್ತೀರೋ, ಇಲ್ಲವೋ?"

ಭುಜಂಗಯ್ಯ ಜನರನ್ನು ನೋಡಿದ. ಸುಬ್ಬಕ್ಕನನ್ನು ನೋಡಿದ.

"ಇರುವುದಿಲ್ಲ" ಅಂದ.

"ಈ ಸಾರಿ ನೀವು ಹೇಳಿದ್ದೇ ಆಗುತ್ತದೆ" ಅಂದ ರಾಜ. "ಹೋಗುವ ಮುಂಚೆ ಸುಣ್ಣದ ಗೂಡಿನಿಂದ ಕಾರ್ಮುಗಿಲು, ಮಲ್ಲಿಗೆ ಎರಡನ್ನೂ ಬಿಡಿಸಿಕೊಂಡು ಬನ್ನಿ. ಅವುಗಳ ಬೆನ್ನಿನ ಕಲ್ಲುಚೀಲ ನಿಮ್ಮ ಹೆಗಲ ಮೇಲಿರಲಿ."

ಭಟರು ಅವನನ್ನು ಕರೆದುಕೊಂಡು ಹೋದರು. ಬಂದ ಕಾಣಿಕೆ, ಕಟ್ಟಿದ ಪಂದ್ಯ ಎಲ್ಲವೂ ಅವರವರ ಮನೆಗೆ ವಾಪಸಾದವು.

ಆಮೇಲೆ ಓಟ ನಡೆಯಿತು. ಗಿಡುಗ ಮೊದಲು ಬಂತು. ನವಿಲಿ ಬೇಲಿ ದಾಟಿತು. ಹಳ್ಳ ದಾಟಿತು. ಗೋಡೆಯನ್ನೂ ದಾಟಿ ಎಲ್ಲರಿಗಿಂತ ಕೊನೆಗೆ ಬಂತು. ಚಪ್ಪಾಳೆ ಆರಕ್ಕೂ ಬಿತ್ತು. ಹೊತ್ತು ಇಳಿಯುವಾಗ ಇನ್ನೆರಡು ಕುದುರೆಗಳು ಸುಣ್ಣ ಮೆತ್ತಿದ ಮೈಯಲ್ಲಿ ಊರಿಗೆ ಬಂದವು. ಕಲ್ಲುಚೀಲ ಹೊತ್ತ ಭುಜಂಗಯ್ಯ ಹಿಂದೆ ಕುಂಟುತ್ತಾ ಬರುತ್ತಿದ್ದ. ಸಿರಿಯಕ್ಕ ಬಿಸಿನೀರು ಕಾಯಿಸಿ ಎರಡರ ಮೈಯನ್ನೂ ತೊಳೆದಳು. ಆರು ಬುಟ್ಟಿಯ ಉಂಡೆ ಎಂಟು ಗೋದಲಿಗೆ ಹಂಚಿಕೆಯಾಯಿತು.

ರಾಜನೇ ಬಂದು ಮೊದಲ ಉಂಡೆಯನ್ನು ನವಿಲಿಗೆ ತಿನ್ನಿಸಿದ. "ನಿನಗೆ ಏನು ಬೇಕು ಕೇಳಮ್ಮ" ಅಂತ ಸಿರಿಯಕ್ಕನಿಗೆ ಅಂದ.

"ಏನೂ ಬೇಡ ದೊರೆಗಳೇ. ಇವಳು ನನ್ನನ್ನು ಹೊಳೆ ದಾಟಿಸಿದ್ದಳು. ಇವತ್ತು ನಾನು ಇವಳನ್ನು ದಾಟಿಸಿದೆ, ಅಷ್ಟೇ."

ರಾಜ ಹೋದ ಮೇಲೆ ನವಿಲಿ ಅಗಿಯುತ್ತಾ ಹೇಳಿತು, "ಅಕ್ಕಾ, ಬೆಲ್ಲ ಸ್ವಲ್ಪ ಕಡಿಮೆ ಆಯ್ತು."

"ತಿನ್ನು ಸುಮ್ಮನೆ" ಅಂದಳು ಸಿರಿಯಕ್ಕ. ಅವಳ ಮಗಳು ಇನ್ನೊಂದು ಉಂಡೆ ತಂದು ನವಿಲಿಯ ಬಾಯಿಗೆ ಇಟ್ಟಳು.

ನೋಡಿದಿರಾ ಮಕ್ಕಳೇ? ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಮಾತು ಹೇಳುವವನ ಸುಳ್ಳು, ಎಲ್ಲರೂ ಒಂದು ಕಡೆ ಸೇರಿದ ದಿನ ಸಿಕ್ಕಿಬೀಳುತ್ತದೆ. ನಮಗಾಗಿ ದುಡಿದ ಜೀವ ಗೆದ್ದು ಬರಲಿ, ಕೊನೆಗೆ ಬರಲಿ, ಅದರ ಉಪಕಾರ ನೆನೆಯಬೇಕು. ಕುದುರೆಗಲ್ಲಿನವರು ಅದನ್ನು ಮತ್ತೆ ಮರೆಯಲಿಲ್ಲ. ನೀವೂ ಮರೆಯಬೇಡಿ.