ಚಾಚುಕಲ್ಲಿನ ಕಡಲ ಸೂಚನೆ

ಕಡಲಿಗೆ ಮೂಗು ಚಾಚಿದ ಹಾಗೆ ಒಂದು ಬಂಡೆ. ಊರಿನವರು ಅದನ್ನು ಚಾಚುಕಲ್ಲು ಎನ್ನುತ್ತಿದ್ದರು. ಪಡುವಣದಿಂದ ಬಂದ ಅಲೆ ಆ ಕಲ್ಲಿನ ತುದಿಗೆ ತಾಗಿ, ಬಾಗಿ, ದಡದ ಉದ್ದಕ್ಕೂ ಒಂದೇ ಸಾಲಾಗಿ ಓಡುತ್ತಿತ್ತು. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವವರಿಗೆ ಆ ಸುತ್ತಿನಲ್ಲಿ ಅಂಥ ಜಾಗ ಇನ್ನೊಂದಿರಲಿಲ್ಲ.

ಕಲ್ಲಿನ ಬೆನ್ನಿಗೆ ಐತಪ್ಪ ಗುರುಗಳ ಆಶ್ರಮ. ಆಶ್ರಮವೆಂದರೆ ಮೂರು ಗುಡಿಸಲು, ಒಂದು ಬಾವಿ. ಗುರುಗಳು ನಲವತ್ತು ವರ್ಷ ದೋಣಿಯಲ್ಲಿ ಮೀನು ಹಿಡಿದವರು. ಆಮೇಲೆ ಕಡಲಿಗೆ ಹೆದರುವವರಿಗೆ ಈಜು ಕಲಿಸಿದರು. ಈಜು ಬಂದವರಿಗೆ ಅಲೆಯ ಮೇಲೆ ನಿಲ್ಲುವುದನ್ನು ಕಲಿಸಿದರು. ನಿಂತವರಿಗೆ ಇನ್ನೇನು ಕಲಿಸಿದರು ಎಂದು ಕೇಳಿದರೆ ಶಿಷ್ಯರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಕಡಲಿಗೆ ಇಳಿಯುವ ದಾರಿಯ ತಲೆಗೆ ಒಂದು ಕರಿಹಲಗೆ ಇತ್ತು. ಪ್ರತಿ ಬೆಳಿಗ್ಗೆ ಗುರುಗಳು ಅದರ ಮೇಲೆ ಆ ದಿನದ ಕಡಲನ್ನು ಬರೆಯುತ್ತಿದ್ದರು. ಅಲೆ ಸೊಂಟದಷ್ಟು. ಮೂಡುಗಾಳಿ, ಹತ್ತು ಗಂಟೆಯ ತನಕ. ಉಬ್ಬರ ಮಧ್ಯಾಹ್ನ. ಇಳಿಯಬಹುದು.

ಅಲೆ ಸವಾರರು ಓದುತ್ತಿದ್ದರು. ಕಲ್ಲಿಗೆ ಅಂಟಿದ, ಅಡುಗೆಗೆ ಬರುವ ಪಚ್ಚಿಲೆ ಚಿಪ್ಪು ಕೀಳಲು ಬರುವ ಹೆಂಗಸರೂ ಓದುತ್ತಿದ್ದರು. ಓದು ಬಾರದವರು ಓದಿಸಿಕೊಳ್ಳುತ್ತಿದ್ದರು.

ಗುರುಗಳ ಎರಡೂ ಕಣ್ಣಿಗೆ ಪೊರೆ ಬಂತು. ಅವರು ಸೀಮೆಸುಣ್ಣವನ್ನು ಯಶವಂತಿಯ ಕೈಗೆ ಕೊಟ್ಟರು. ಅವಳು ಹನ್ನೊಂದು ವರ್ಷದಿಂದ ಅವರ ಶಿಷ್ಯೆ. ಆ ಕಲ್ಲಿನ ಅಲೆಯನ್ನು ಅವಳಷ್ಟು ಚೆನ್ನಾಗಿ ಏರಿದವರು ಯಾರೂ ಇರಲಿಲ್ಲ.

"ನನ್ನಿಂದಾದೀತಾ ಗುರುಗಳೇ?" ಎಂದಳು.

"ನೋಡಿದ್ದನ್ನು ಬರಿ. ಅಷ್ಟೇ ಕೆಲಸ," ಎಂದರು ಗುರುಗಳು.

ಚಳಿಗಾಲ ಸುಸೂತ್ರವಾಗಿ ಕಳೆಯಿತು. ಬೇಸಿಗೆ ಬಂತು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಅವಳು "ಸೊಂಟದಷ್ಟು ಅಲೆ, ಇಳಿಯಬಹುದು" ಎಂದು ಬರೆದಳು. ಊರ ಶಾಲೆಯ ಸದಾನಂದ ಮೇಷ್ಟ್ರು ಸವಾರಿಯ ಹಲಗೆ ಹಿಡಿದು ಇಳಿದರು. ಪಡುಗಾಳಿ ಆ ದಿನ ಎಂದಿಗಿಂತ ಎರಡು ಗಂಟೆ ಮೊದಲೇ ಎದ್ದಿತು. ಎದೆಯೆತ್ತರದ ಅಲೆಯೊಂದು ಮೇಷ್ಟ್ರನ್ನು ಎತ್ತಿ ಕಲ್ಲಿಗೆ ಒಗೆಯಿತು. ಹೆಗಲ ಮೂಳೆ ಮುರಿಯಿತು.

"ಕಾಲು ಜಾರಿದ್ದು ನನ್ನದು. ನೀವು ಬೇಜಾರು ಮಾಡ್ಕೊಬೇಡಿ," ಎಂದರು ಮೇಷ್ಟ್ರು, ಆಸ್ಪತ್ರೆಯ ಮಂಚದ ಮೇಲೆ ಕೂತು.

ಆ ಮಾತು ಯಶವಂತಿಯ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಅಂದಿನಿಂದ ಅವಳಿಗೆ ಹೆದರಿಕೆ ಹಿಡಿಯಿತು. ಊಟಕ್ಕೆ ಕೂತಾಗಲೂ ಕೈಯಲ್ಲಿ ಮೊಬೈಲ್. ಅದರಲ್ಲಿ ಮೂರು ಹವಾಮಾನ ಸೂಚನೆ. ಒಂದು, ಅಲೆ ಮೂರು ಅಡಿ ಎನ್ನುತ್ತಿತ್ತು, ಇನ್ನೊಂದು ಐದು, ಮತ್ತೊಂದು ಏನೂ ಇಲ್ಲ ಎನ್ನುತ್ತಿತ್ತು.

"ಗುರುಗಳೇ, ಮೂರೂ ಬೇರೆ ಬೇರೆ ಹೇಳ್ತವೆ. ಯಾವುದನ್ನು ನಂಬಲಿ?"

"ಮೂರರಲ್ಲಿ ಯಾವುದರ ಕಾಲು ಒದ್ದೆಯಾಗಿದೆ?" ಎಂದರು ಗುರುಗಳು.

ಅವಳಿಗೆ ನಗು ಬರಲಿಲ್ಲ. ಮರುದಿನ ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಳು: ಅಪಾಯ. ಇಳಿಯಬೇಡಿ.

ಯಾರೂ ಇಳಿಯಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಅಂದು ಅವಳಿಗೆ ಎರಡು ತುತ್ತು ಹೆಚ್ಚು ಸೇರಿತು.

ಅದರ ಮರುದಿನವೂ ಅದನ್ನೇ ಬರೆದಳು. ಮೂರನೆಯ ದಿನವೂ ಅದನ್ನೇ.

ಐದನೆಯ ದಿನದಿಂದ ಅಳಿಸಿ ಬರೆಯುವುದನ್ನೂ ಬಿಟ್ಟಳು. ಮಸುಕಾದ ಅಕ್ಷರದ ಮೇಲೆ ಸುಣ್ಣ ತೀಡಿ ಬರುತ್ತಿದ್ದಳು. ಕಡಲ ಕಡೆ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಎಲ್ಲಿ ಕಡಲು ಚೆಂದ ಕಂಡುಬಿಡುತ್ತದೋ, ಎಲ್ಲಿ "ಇಳಿಯಬಹುದು" ಎಂದು ಬರೆಯಬೇಕಾಗುತ್ತದೋ ಎಂಬ ಹೆದರಿಕೆ.

ಗುರುಗಳು ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇವತ್ತು ಏನು ನೋಡಿದೆ?"

"ಇಳಿಯಬೇಡಿ ಅಂತ ಬರೆದೆ ಗುರುಗಳೇ."

"ಬರೆದದ್ದನ್ನು ನಾನು ಕೇಳಲಿಲ್ಲ," ಎನ್ನುತ್ತಿದ್ದರು.

ಅಲೆ ಸವಾರರು ಒಬ್ಬೊಬ್ಬರಾಗಿ ಬೇರೆ ದಡ ಹುಡುಕಿಕೊಂಡು ಹೋದರು. ಪಚ್ಚಿಲೆ ಕೀಳುವ ಹೆಂಗಸರು ಎಲ್ಲಿಗೆ ಹೋಗಬೇಕು? ಚಿಪ್ಪು ಇರುವುದು ಆ ಕಲ್ಲಿನಲ್ಲೇ. ಮಳೆಗಾಲ ಬಂದರೆ ಮೂರು ತಿಂಗಳು ಅತ್ತ ಸುಳಿಯುವಂತಿಲ್ಲ. ಅವರು ನಾಲ್ಕು ದಿನ ಕಾದರು. ಐದನೆಯ ದಿನ ಕರಿಹಲಗೆ ದಾಟಿಕೊಂಡು ಇಳಿದರು.

ಹದಿನೇಳನೆಯ ದಿನ ಬೆಳಿಗ್ಗೆ ಯಶವಂತಿ ಸುಣ್ಣ ತೀಡಿ ಗುಡಿಸಲಿಗೆ ಮರಳಿದಾಗ ಗುರುಗಳು ಹೊರಗೆ ನಿಂತಿದ್ದರು. ತಲೆಯನ್ನು ಓರೆ ಮಾಡಿ ಏನನ್ನೋ ಆಲಿಸುತ್ತಿದ್ದರು.

"ಮಗಾ, ನನ್ನ ಕೈ ಹಿಡಿ. ಕಲ್ಲಿನ ತಲೆಗೆ ಹೋಗುವ."

"ಬರೆದಾಯ್ತಲ್ಲ ಗುರುಗಳೇ."

"ಕೈ ಹಿಡಿ ಅಂದೆ."

ಅವರ ಕೈ ತಣ್ಣಗಿತ್ತು. ಅವಳು ಹಿಡಿದು ನಡೆಸಿದಳು.

ಕಲ್ಲಿನ ತಲೆಯ ಮೇಲೆ ಇಬ್ಬರೂ ಕೂತರು. ಗಾಳಿ ಇರಲಿಲ್ಲ. ಮೋಡ ಇರಲಿಲ್ಲ. ಇಳಿತದ ಹೊತ್ತು. ಕಡಲು ಎಣ್ಣೆ ಸುರಿದ ಹಾಗೆ ಮಲಗಿತ್ತು.

"ಏನು ಕಾಣ್ತದೆ?"

"ಏನೂ ಇಲ್ಲ ಗುರುಗಳೇ. ಇಷ್ಟು ಶಾಂತ ಇರುವುದನ್ನು ನಾನು ನೋಡಿಯೇ ಇಲ್ಲ." ಹೇಳುವಾಗ ಅವಳಿಗೆ ನಾಚಿಕೆಯಾಯಿತು. ಹದಿನೇಳು ದಿನ ಎಷ್ಟು ಜನರ ಬೆಳಗನ್ನು ಹಾಳು ಮಾಡಿದೆ ಎಂದುಕೊಂಡಳು.

"ಕೆಳಗೆ ಕಲ್ಲಿಗೆ ತಾಗುವ ಸಣ್ಣ ಅಲೆ ಉಂಟಲ್ಲ, ಒಂದರಿಂದ ಒಂದಕ್ಕೆ ಎಣಿಸು."

ಅವಳು ಎಣಿಸಿದಳು. ಬೇಸಿಗೆಯಲ್ಲಿ ಒಂಬತ್ತು ಎಣಿಸುವಷ್ಟರಲ್ಲಿ ಮುಂದಿನ ಅಲೆ ತಾಗಬೇಕು. ಹತ್ತಾಯಿತು. ಹದಿಮೂರಾಯಿತು. ಹದಿನೆಂಟಕ್ಕೆ ತಾಗಿತು.

ಮತ್ತೆ ಎಣಿಸಿದಳು. ಮತ್ತೆ ಹದಿನೆಂಟು.

"ಇಷ್ಟು ದೂರ ದೂರ ಯಾಕೆ ಗುರುಗಳೇ? ಗಾಳಿಯೇ ಇಲ್ಲವಲ್ಲ."

"ಇಲ್ಲಿ ಇಲ್ಲ."

"ಮತ್ತೆಲ್ಲಿ?"

"ನನ್ನ ದೋಣಿ ಹೋಗದಷ್ಟು ದೂರ. ಅಲ್ಲಿ ನಾಲ್ಕೈದು ದಿನದ ಹಿಂದೆ ಬಿರುಗಾಳಿಗೆ ಎದ್ದ ಅಲೆ, ಇಲ್ಲಿಗೆ ಈಗ ತಲುಪಿದೆ. ಕೂತಿರು."

ಅವಳು ಕೂತಳು. ಎಷ್ಟೋ ಹೊತ್ತಿನ ಮೇಲೆ ದಿಗಂತದಲ್ಲಿ ಒಂದು ಗೆರೆ ದಪ್ಪವಾಯಿತು. ಅದರ ಹಿಂದೆ ಇನ್ನೊಂದು. ಸದ್ದಿಲ್ಲದೆ ಬಂದವು. ಕಲ್ಲಿನ ತುದಿಗೆ ಬಂದದ್ದೇ ಆಳೆತ್ತರಕ್ಕೆ ಎದ್ದು, ಬಾಗಿ, ಕಲ್ಲನ್ನು ಪೂರಾ ಬಳಸಿಕೊಂಡು ಓಡಿದವು. ಒಟ್ಟು ಐದು. ಕೂತಿದ್ದ ಬಂಡೆ ನಡುಗಿತು. ಕೆಳಗಿನ ಹಾಸುಗಲ್ಲು ನೊರೆಯಲ್ಲಿ ಮುಳುಗಿ ಹೋಯಿತು.

ಆಮೇಲೆ ಏನೂ ಆಗದ ಹಾಗೆ ಕಡಲು ಮಲಗಿತು.

ಯಶವಂತಿ ಮೊಬೈಲ್ ತೆಗೆದು ಗಂಟೆ ನೋಡಿದಳು. ಹದಿಮೂರು ನಿಮಿಷಕ್ಕೆ ಮತ್ತೆ ಐದು ಅಲೆ ಬಂದವು, ಮೊದಲಿನದಕ್ಕಿಂತ ದೊಡ್ಡವು. ಮತ್ತೆ ಮೌನ. ಅವಳು ಮತ್ತೆ ಎಣಿಸತೊಡಗಿದಳು.

ಎಂಟು ನಿಮಿಷವಾಗಿರಬೇಕು, ಕೆಳಗಿನಿಂದ ಹೆಂಗಸರ ಮಾತು ಕೇಳಿಸಿತು.

ಗುಲಾಬಿ ಮತ್ತು ಅವಳ ತಂಗಿ ಕುಸುಮ. ಈಗಷ್ಟೇ ಕರಿಹಲಗೆಯ ದಾರಿಯಿಂದ ಇಳಿದಿದ್ದರು. ಹಾಸುಗಲ್ಲಿನ ತೀರಾ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕತ್ತಿಯಿಂದ ಪಚ್ಚಿಲೆ ಎಬ್ಬಿಸುತ್ತಿದ್ದರು. ಬೆನ್ನು ಕಡಲಿಗೆ.

"ಗುಲಾಬಿಯಕ್ಕ! ಮೇಲೆ ಬನ್ನಿ! ದೊಡ್ಡ ಅಲೆ ಉಂಟು!"

ಗುಲಾಬಿ ತಿರುಗಿ ಕಡಲು ನೋಡಿದಳು. "ಎಲ್ಲಿ ಉಂಟು ಮಾರಾಯ್ತಿ?"

"ಬೋರ್ಡ್ ನೋಡ್ಲಿಲ್ವಾ ನೀವು?"

"ನೋಡಿದೆ. ನಿನ್ನೆಯೂ ನೋಡಿದೆ, ಮೊನ್ನೆಯೂ ನೋಡಿದೆ. ದಿನಾ ಅದೇ ಉಂಟಲ್ಲ. ನಿನ್ನೆ ಇದೇ ಕಲ್ಲಲ್ಲಿ ಎರಡು ಬುಟ್ಟಿ ಕಿತ್ತಿದ್ದೇವೆ, ಸೀರೆ ಸಹ ಒದ್ದೆ ಆಗ್ಲಿಲ್ಲ." ಅವಳು ಮತ್ತೆ ಬಗ್ಗಿದಳು.

ಯಶವಂತಿ ಗುರುಗಳ ಮುಖ ನೋಡಿದಳು. ಅವರು ಅವಳ ಕೈಯಲ್ಲಿದ್ದ ತಮ್ಮ ಕೈ ಬಿಡಿಸಿಕೊಂಡರು.

ಅವಳು ಓಡಿದಳು. ದಾರಿ ಹಿಡಿದು ಇಳಿಯುವಷ್ಟು ಹೊತ್ತಿರಲಿಲ್ಲ. ಕಲ್ಲಿನ ಸಂದಿಗೆ ಕೈಕಾಲು ಕೊಟ್ಟು ಜಾರಿಕೊಂಡೇ ಇಳಿದಳು. ಹಾಸುಗಲ್ಲಿಗೆ ಕಾಲಿಟ್ಟಾಗ ಹತ್ತು ನಿಮಿಷವಾಗಿತ್ತು.

"ಏಳಿ ಗುಲಾಬಿಯಕ್ಕ. ನಿಮ್ಮ ಕಾಲಿಗೆ ಬೀಳ್ತೇನೆ."

"ಎಂತ ಆಯ್ತು ನಿನಗೆ? ಆ ಮೇಷ್ಟ್ರು ಬಿದ್ದ ಮೇಲೆ ನಿನಗೆ ನೀರು ಕಂಡರೆ ಭೂತ ಕಂಡ ಹಾಗೆ."

"ಹೌದು," ಎಂದಳು ಯಶವಂತಿ.

ಗುಲಾಬಿಯ ಕತ್ತಿ ನಿಂತಿತು.

"ಹೌದು ಅಕ್ಕ. ಹೆದರಿಯೇ ಬರೆದದ್ದು. ಹದಿನೇಳು ದಿನದಲ್ಲಿ ಒಂದು ದಿನವೂ ಕಡಲು ನೋಡ್ಲಿಲ್ಲ ನಾನು. ಇವತ್ತಿನದ್ದೂ ನೋಡದೆಯೇ ಬರೆದೆ. ಆದರೆ ಬರೆದ ಮೇಲೆ ನೋಡಿದೆ. ಹದಿಮೂರು ನಿಮಿಷಕ್ಕೊಮ್ಮೆ ಐದು ಅಲೆ ಬರ್ತವೆ. ಎರಡು ಸಲ ಬಂದವು, ಈ ಕಲ್ಲು ಮುಳುಗಿತು. ಈಗ ಹನ್ನೊಂದನೇ ನಿಮಿಷ."

"ಬಾರದಿದ್ದರೆ?"

"ಬಾರದಿದ್ದರೆ ನಾನೇ ಇಲ್ಲಿ ಕೂತು ನಿಮ್ಮ ಬುಟ್ಟಿ ತುಂಬಿಸಿ ಕೊಡ್ತೇನೆ."

ಗುಲಾಬಿ ಅವಳ ಮುಖವನ್ನೇ ನೋಡಿದಳು. "ಒಂದು ದಿನವೂ ನೋಡ್ಲಿಲ್ವಾ ನೀನು?"

"ಇಲ್ಲ ಅಕ್ಕ."

ಗುಲಾಬಿ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. "ಕುಸುಮಾ, ಏಳು."

ಮೂವರೂ ಮೇಲೆ ಹತ್ತತೊಡಗಿದರು. ಅರ್ಧ ಹತ್ತಿದಾಗ ಕುಸುಮ ನಿಂತಳು. "ಬುಟ್ಟಿ!" ಎಂದು ಕೆಳಗೆ ತಿರುಗಿದಳು. ಯಶವಂತಿ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಲ್ಲಿಗೆ ಒರಗಿಸಿದಳು.

ಮೊದಲ ಅಲೆ ಹಾಸುಗಲ್ಲನ್ನು ತೊಳೆಯಿತು. ಎರಡನೆಯದು ಬುಟ್ಟಿಗಳನ್ನು ಒಯ್ದಿತು. ಮೂರನೆಯದು ಅವರ ಸೊಂಟದ ತನಕ ಏರಿತು. ಯಶವಂತಿಯ ಕಾಲು ಕಲ್ಲಿನಿಂದ ಜಾರಿತು. ಕಲ್ಲಿನ ಪಚ್ಚಿಲೆಗೆ ಉಜ್ಜಿ ಮೊಣಕಾಲು ಸೀಳಿತು. ಒಂದು ಕೈಯಲ್ಲಿ ಕಲ್ಲಿನ ಸಂದಿ, ಇನ್ನೊಂದರಲ್ಲಿ ಸೆರಗು. ಯಾವುದನ್ನೂ ಬಿಡಲಿಲ್ಲ. ಮೇಲಿನಿಂದ ಗುಲಾಬಿ ಅವಳ ರಟ್ಟೆ ಹಿಡಿದೆಳೆದಳು.

ಮೂವರೂ ಕಲ್ಲಿನ ತಲೆಗೆ ಬಂದು ಕೂತರು. ಕುಸುಮ ಅಳುತ್ತಿದ್ದಳು. ಗುಲಾಬಿ ತನ್ನ ಸೀರೆಯ ತುದಿ ಹರಿದು ಯಶವಂತಿಯ ಮೊಣಕಾಲಿಗೆ ಬಿಗಿಯಾಗಿ ಕಟ್ಟಿದಳು. ಕಟ್ಟುತ್ತಾ ಒಂದೇ ಮಾತು ಹೇಳಿದಳು.

"ಹದಿನೇಳು ದಿನ! ನಾವು ನಿನ್ನನ್ನು ನಂಬಿ ಬರುವವರು ಮಾರಾಯ್ತಿ."

ತಂಗಿಯನ್ನು ಕರೆದುಕೊಂಡು ಹೋದಳು.

ಯಶವಂತಿ ಗುರುಗಳ ಎದುರು ನಿಂತಳು. ಅವಳಿಗೆ ಸಿಟ್ಟು ಬಂತು.

"ನಿಮಗೆ ಗೊತ್ತಿತ್ತು. ನಾನು ನೋಡದೆ ಬರೀತೇನೆ ಅಂತ ಗೊತ್ತಿತ್ತು. ಯಾಕೆ ಬೈಲಿಲ್ಲ?"

"ಬೈದಿದ್ದರೆ ನೀನು ಕಡಲು ಬಿಟ್ಟು ನನ್ನ ಮುಖ ನೋಡಿ ಬರೀತಿದ್ದೆ."

"ಅವರಿಬ್ಬರು ಕೊಚ್ಚಿ ಹೋಗಿಬಿಟ್ಟಿದ್ದರೆ?"

ಗುರುಗಳು ಹೆಂಗಸರು ಹೋದ ಕಡೆ ಮುಖ ತಿರುಗಿಸಿದರು.

"ಅದು ನನ್ನ ತಪ್ಪು," ಎಂದರು. "ಹದಿನೇಳು ದಿನ ಕಾದದ್ದು ಹೆಚ್ಚಾಯ್ತು. ಗುರುವಿಗೂ ಲೆಕ್ಕ ತಪ್ಪುತ್ತದೆ."

ಅವರು ಹಾಗೆ ಹೇಳಿದ್ದನ್ನು ಅವಳು ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ. ಅವಳ ಸಿಟ್ಟು ಇಳಿಯಿತು. ಹೆದರಿಕೆ ಇಳಿಯಲಿಲ್ಲ.

"ಈ ಹೆದರಿಕೆ ಯಾವಾಗ ಹೋಗ್ತದೆ ಗುರುಗಳೇ?"

"ಹೋದ ದಿನ ಸುಣ್ಣವನ್ನು ಬೇರೆಯವರ ಕೈಗೆ ಕೊಡು."

ಅಂದು ಅವಳು ಕರಿಹಲಗೆಯನ್ನು ನೀರು ಹಾಕಿ ತೊಳೆದಳು. ಹದಿನೇಳು ದಿನದ ಸುಣ್ಣ ಗಟ್ಟಿಯಾಗಿ ಕೂತಿತ್ತು. ತೆಂಗಿನ ನಾರು ತಂದು ಉಜ್ಜಬೇಕಾಯಿತು. ಆಮೇಲೆ, ಬೇರೆ ಎರಡು ಬುಟ್ಟಿ ಹೊಂದಿಸಿಕೊಂಡು ಕುಂಟುತ್ತಾ ಗುಲಾಬಿಯ ಮನೆಗೆ ಹೋಗಿ ಜಗಲಿಯ ಮೇಲಿಟ್ಟು ಬಂದಳು. ಗುಲಾಬಿ ಒಳಗಿನಿಂದ ಹೊರಗೆ ಬರಲಿಲ್ಲ. ಬುಟ್ಟಿಯನ್ನು ಹೊರಗೆ ಎಸೆಯಲೂ ಇಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಯಶವಂತಿ ಕಲ್ಲಿನ ತಲೆಗೆ ಹೋಗಿ ಕೂತಳು.

ಎಣಿಸಿದಳು. ಒಮ್ಮೆ ಹದಿನಾಲ್ಕು, ಒಮ್ಮೆ ಹನ್ನೊಂದು, ಒಮ್ಮೆ ಹದಿನಾರು. ಒಂದು ಸಲ ಮೂರು ಅಲೆ ಬಂದವು, ಹಾಸುಗಲ್ಲಿನ ಅಂಚು ಮಾತ್ರ ಒದ್ದೆಯಾಯಿತು. ಆಮೇಲೆ ಅರ್ಧ ಗಂಟೆ ಏನೂ ಬರಲಿಲ್ಲ. ತೆಂಕಣದಿಂದ ಸಣ್ಣ ಗಾಳಿ ಎದ್ದು ಸತ್ತಿತು. ದಿಗಂತದಲ್ಲಿ ಮೋಡವೋ ಮಂಜೋ ಎಂದು ಹೇಳಲಾಗದ ಒಂದು ಬೂದು ಪಟ್ಟಿ. ಕಡಲು ಇಳಿಯುತ್ತಿದೆಯೋ, ಏರುವ ಮೊದಲು ಉಸಿರು ಹಿಡಿದಿದೆಯೋ? ಕಣ್ಣು ನೋಯುವ ತನಕ ನೋಡಿದಳು.

ಊರ ಕಡೆಯ ದಾರಿಯಲ್ಲಿ ಹೆಂಗಸರ ಮಾತು ಹತ್ತಿರವಾಗುತ್ತಿತ್ತು. ಅದರಲ್ಲಿ ಗುಲಾಬಿಯ ದನಿಯೂ ಇತ್ತು.

ಅವಳು ಸೀಮೆಸುಣ್ಣ ಹಿಡಿದು ಕರಿಹಲಗೆಯ ಹತ್ತಿರ ಓಡಿದಳು. ಗುರುಗಳು ಕೋಲೂರಿಕೊಂಡು ಅಲ್ಲಿಗೆ ಬಂದಿದ್ದರು.

"ಏನು ನೋಡಿದೆ?" ಎಂದರು.

"ಎಲ್ಲ ನೋಡಿದೆ ಗುರುಗಳೇ. ಎರಡು ಗಂಟೆ ಕೂತು ನೋಡಿದೆ." ಅವಳ ಬೆರಳ ನಡುವೆ ಸುಣ್ಣ ಮುರಿಯಿತು. "ಆದರೂ ಗೊತ್ತಾಗ್ಲಿಲ್ಲ. ಇಳಿಯಬಹುದು ಅಂತ ಬರೀಲಾ, ಇಳಿಯಬೇಡಿ ಅಂತ ಬರೀಲಾ?"

ಗುರುಗಳು ಬಗ್ಗಿ ನೆಲ ತಡವಿ, ಮುರಿದು ಬಿದ್ದ ತುಂಡನ್ನು ಹುಡುಕಿ ಅವಳ ಅಂಗೈಯಲ್ಲಿಟ್ಟರು.

"ಗೊತ್ತಾಗಲಿಲ್ಲ ಅಂತಲೇ ಬರಿ, ಮಗಾ. ಬರೆದು ಇಲ್ಲೇ ನಿಂತಿರು."